ಡೈರಿ ಸಾಲಿನ ಮೇಜರ್

ಬೆಟ್ಟಯ್ಯನ ಮನೆಯಿಂದ ಊರ ಹಾಲಿನ ಡೈರಿಗೆ ಐದು ನಿಮಿಷದ ದಾರಿ. ಹಾಲು ಅಳೆಸಿ, ಡಿಗ್ರಿ ನೋಡಿಸಿ, ಚೀಟಿ ಇಸಕೊಂಡು ಬರುವುದಕ್ಕೆ ಹೆಚ್ಚೆಂದರೆ ಇನ್ನೊಂದು ಕಾಲು ಗಂಟೆ ಹಿಡಿಯಬಹುದು. ಆದರೆ ಹೋದ ಶ್ರಾವಣದಿಂದ ಈಚೆಗೆ ಅವನ ಹೆಂಡತಿ ಇಂದ್ರಮ್ಮ ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಹೊರಟರೆ ತಿರುಗಿ ಹೊಸಿಲು ದಾಟುವುದು ಏಳು ಹೊಡೆದ ಮೇಲೆಯೇ. ಒಂದು ದಿನ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಏನೋ ಅನಾಹುತ ಆಯಿತೆಂದು ಬೆಟ್ಟಯ್ಯ ಕಾಫಿ ಲೋಟ ಕೆಳಗಿಟ್ಟು ಎದ್ದ.

"ಯಾಕಮ್ಮಿ, ಏನಾಯ್ತು?"

"ಸುಬೇದಾರ್ರು ಓಗ್ಬುಟ್ರು," ಎಂದು ಇಂದ್ರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಮುತ್ತತ್ತಿ ಕಾಡ್ನಲ್ಲಿ. ಮೇಜರ್ ಪ್ರೀತಂ ತೊಡೆ ಮ್ಯಾಲೇ ಪ್ರಾಣ ಬುಟ್ರು."

ಬೆಟ್ಟಯ್ಯ ಮತ್ತೆ ಕೂತ. ಯಾವ ಸುಬೇದಾರ, ಯಾವ ಮೇಜರ್ ಎಂದು ಅವನು ಕೇಳಬೇಕಾಗಿರಲಿಲ್ಲ. ಅವರಿಬ್ಬರೂ ಹುಟ್ಟಿ ಬೆಳೆದದ್ದು ಡೈರಿ ಕಾರ್ಯದರ್ಶಿ ಸಿದ್ದರಾಮುವಿನ ನೋಟ್ ಪುಸ್ತಕದಲ್ಲಿ ಎನ್ನುವುದು ಅವರೂರು ದುದ್ದದ ಸುತ್ತಲ ನಾಲ್ಕು ಹಳ್ಳಿಗೂ ಗೊತ್ತಿದ್ದ ಮಾತು.

ಸಿದ್ದರಾಮು ಕಾದಂಬರಿ ಬರೆಯುತ್ತಿದ್ದ. ಉಗ್ರರ ತಂಡವೊಂದು ಮುತ್ತತ್ತಿಯ ಕಾಡು ಹೊಕ್ಕು ಕೂತಿದೆ, ಗುಂಡಿ ಒತ್ತಿದರೆ ರಾಜ್ಯಕ್ಕೆ ರಾಜ್ಯವೇ ಕತ್ತಲಾಗುವ ಯಂತ್ರ ಅವರ ಕೈಯಲ್ಲಿದೆ, ಅವರನ್ನು ಹಿಡಿಯಲು ಮೇಜರ್ ಪ್ರೀತಂ ಬರುತ್ತಾನೆ. ಅವನ ಬಳಿ ಜೇನುನೊಣದ ಗಾತ್ರದ ಡ್ರೋನುಗಳ ಹಿಂಡಿದೆ. ಹೊದ್ದರೆ ಆಳೇ ಕಾಣದ ಹಚ್ಚಡವಿದೆ. ಮರದ ಮರೆಯಲ್ಲಿ ನಿಂತವನನ್ನೂ ಸುತ್ತಿ ಬಳಸಿ ಹೋಗಿ ಹೊಡೆಯುವ ಗುಂಡಿದೆ. ಇದನ್ನು ಸಿದ್ದರಾಮು ದಿನಕ್ಕೆರಡು ಪುಟದಂತೆ, ಒಂದು ಕೈಯಲ್ಲಿ ಹಾಲಿನ ಸ್ಯಾಂಪಲ್ಲು ಹಿಡಿದು, ಸಾಲಿನಲ್ಲಿ ನಿಂತ ಹೆಂಗಸರಿಗೆ ಓದಿ ಹೇಳುತ್ತಿದ್ದ. ಯಾರಾದರೂ ಸಾಲು ಮುರಿದು ನುಗ್ಗಿದರೆ ಓದು ನಿಲ್ಲಿಸಿಬಿಡುತ್ತಿದ್ದ. ಹಾಗಾಗಿ ಹಿಂದೆ ಕ್ಯಾನಿಗೆ ಕ್ಯಾನು ತಾಗಿ ಜಗಳವಾಗುತ್ತಿದ್ದ ಡೈರಿಯಲ್ಲಿ ಈಗ ಸೂಜಿ ಬಿದ್ದರೂ ಕೇಳುತ್ತಿತ್ತು.

ಬೆಟ್ಟಯ್ಯನಿಗೆ ಇದನ್ನು ಸಹಿಸಲಾಗಲಿಲ್ಲ, ಅದಕ್ಕೆ ಕಾರಣವೂ ಇತ್ತು. ಅವನು ಇಪ್ಪತ್ತೊಂದು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾಗಿ ಬಂದವನು. ಅದರಲ್ಲಿ ಒಂಬತ್ತು ವರ್ಷ ಉತ್ತರದ ಗುಡ್ಡಗಳಲ್ಲಿ, ನಿಜವಾದ ಉಗ್ರರ ಹಿಂದೆ, ಚಳಿಗೆ ಬೆರಳು ಮರಗಟ್ಟಿ ಕೋವಿಯ ಕುದುರೆ ಎಳೆಯಲೂ ಆಗದ ಸ್ಥಿತಿಯಲ್ಲಿ ಅಲೆದಿದ್ದ. ಊರಿಗೆ ಅದರಲ್ಲಿ ಏನು ಆಸಕ್ತಿ? ಊರಿಗೆ ಅವನು ಮಿಲ್ಟ್ರಿ ಬೆಟ್ಟಯ್ಯ, ಅಂದರೆ ತಿಂಗಳಿಗೊಮ್ಮೆ ಮೈಸೂರಿನ ಸೈನಿಕರ ಕ್ಯಾಂಟೀನಿನಿಂದ ರಮ್ಮು ತರುವವನು. ಮದುವೆ, ಬೀಗರೂಟ, ಹೊಸ ಬೋರ್‌ವೆಲ್, ಏನೇ ಇರಲಿ ಜನಕ್ಕೆ ಅವನ ನೆನಪಾಗುತ್ತಿತ್ತು. "ಎಲ್ಡ್ ಬಾಟ್ಲು ಮಡ್ಗಿರಣ್ಣ" ಎನ್ನುತ್ತಿದ್ದರೇ ಹೊರತು ಅಲ್ಲಿ ಏನು ಕಂಡೆ ಎಂದು ಒಬ್ಬನೂ ಕೇಳಿದವನಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ.

ಇನ್ನು ಈ ಸಿದ್ದರಾಮುವಾದರೂ ಯಾರು? ಹೈಸ್ಕೂಲಿನಲ್ಲಿ ತನ್ನ ಪಕ್ಕ ಕೂತು ಲೆಕ್ಕ ನಕಲು ಮಾಡಿದವನು. ಮಂಡ್ಯದ ಮೈದಾನದಲ್ಲಿ ಸೈನ್ಯಕ್ಕೆ ಆಳು ತೆಗೆಯುವ ದಿನ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗಿದ್ದರು. ಅಂಗಾಲು ಚಪ್ಪಟೆ ಎಂದು ಡಾಕ್ಟರು ಸಿದ್ದರಾಮುವನ್ನು ವಾಪಸು ಕಳಿಸಿದ. ಆಮೇಲೆ ಈ ಮನುಷ್ಯ ದುದ್ದ ಬಿಟ್ಟು ಮದ್ದೂರಿನಾಚೆ ಹೋಗಿ ನಾಲ್ಕು ದಿನ ಇದ್ದವನಲ್ಲ. ದೀಪಾವಳಿಯ ಪಟಾಕಿಗೆ ಕಿವಿ ಮುಚ್ಚಿಕೊಳ್ಳುವವನು. ಅವನ ಕಾಗದದ ಸುಬೇದಾರನಿಗೆ ತನ್ನ ಹೆಂಡತಿ ಅಳುತ್ತಾಳೆ. ತಾನು ಬದುಕಿ ಬಂದು ಎದುರಿಗೆ ಕೂತು ಮುದ್ದೆ ನುಂಗುತ್ತಿದ್ದರೆ, "ಸಾರು ಇನ್ನೊಸಿ ಬುಡ್ಲಾ?" ಎನ್ನುವುದು ಬಿಟ್ಟರೆ ಬೇರೆ ಪ್ರಶ್ನೆಯಿಲ್ಲ. ಅವಳೊಬ್ಬಳು ಕೇಳಿದ್ದರೆ ಸಾಕಿತ್ತು. ಊರು ಹಾಳಾಗಿ ಹೋಗಲಿ.

ಒಂದು ಸಂಜೆ ತಡೆಯಲಾರದೆ ತಾನೂ ಡೈರಿಗೆ ಹೋಗಿ ಗೋಡೆಯ ಮರೆಯಲ್ಲಿ ನಿಂತ. ಒಳಗೆ ಮೇಜರ್ ಪ್ರೀತಂ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ. ಬೆಟ್ಟಯ್ಯ ಕಥೆ ಕೇಳಲಿಲ್ಲ, ಇಂದ್ರಮ್ಮನ ಮುಖ ನೋಡಿದ. ಬಾಯಿ ಅರ್ಧ ತೆರೆದಿತ್ತು, ಕಣ್ಣು ಎವೆಯಿಕ್ಕುತ್ತಿರಲಿಲ್ಲ. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಆ ಮುಖ ಒಂದು ಸಲವೂ ತನ್ನ ಕಡೆಗೆ ತಿರುಗಿರಲಿಲ್ಲ ಎಂದು ಅವನಿಗೆ ಅನಿಸಿತು. ಮನೆಗೆ ಬಂದವನು ಊಟ ಬೇಡ ಎಂದ. ಎಮ್ಮೆ ಒದ್ದಿತೆಂದು ಎಮ್ಮೆಗೂ ಬೈದ.

ಹೀಗಿರುವಾಗ ಸಿದ್ದರಾಮುವೇ ಅವನ ಮನೆ ಬಾಗಿಲಿಗೆ ಬಂದ. ಕಂಕುಳಲ್ಲಿ ಡಿಟಿಪಿ ಮಾಡಿಸಿದ ಇಡೀ ಕಾದಂಬರಿ.

"ಪುಸ್ತಕ ಮಾಡಿಸ್ತಾ ಇವ್ನಿ ಕಣ್ಲಾ," ಎಂದು ಜಗಲಿಯ ಮೇಲೆ ಕೂತ. "ನೀನು ಕಣ್ಣಾರೆ ಕಂಡೋನು. ನಾನು ಕನ್ಸ್ ಕಂಡೋನು ಅಷ್ಟೇಯ. ತಪ್ಪಿದ್ರೆ ಕೆಂಪು ಪೆನ್ನಲ್ಲಿ ಗೀಚ್ಬುಡು. ನಾಳೆ ಮಿಲ್ಟ್ರಿಯವ್ರು ಓದಿ ನಗ್ಬಾರ್ದು."

ಬೇರೆ ಸಮಯದಲ್ಲಾಗಿದ್ದರೆ ಆ ಮಾತು ಬೆಟ್ಟಯ್ಯನನ್ನು ಕರಗಿಸಿಬಿಡುತ್ತಿತ್ತು. ಆವತ್ತು ಕಿವಿಗೆ ಬಿತ್ತು, ಒಳಕ್ಕಿಳಿಯಲಿಲ್ಲ. "ಮಡ್ಗೋಗು, ನೋಡ್ತೀನಿ" ಎಂದ.

ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ ಕೂತು ಮೂರು ದಿನ ಓದಿದ. ಒಪ್ಪಿಕೊಳ್ಳಲು ಕಷ್ಟವಾದರೂ ಹೇಳಬೇಕು, ಚೆನ್ನಾಗಿತ್ತು. ಮೋಟಾರು ಓಡಿ ಓಡಿ ಕಬ್ಬಿನ ಗದ್ದೆ ತುಂಬಿ ಬದುವಿನ ಮೇಲೆ ಹರಿದರೂ ಅವನಿಗೆ ಗೊತ್ತಾಗಲಿಲ್ಲ. ಅದಕ್ಕೇ ಇನ್ನಷ್ಟು ಉರಿದ. ಸಣ್ಣಪುಟ್ಟ ತಪ್ಪುಗಳನ್ನು ತಿದ್ದಿದ. ಮೇಜರು ಸುಬೇದಾರನನ್ನು "ಲೇ" ಎಂದು ಕರೆಯುವುದಿಲ್ಲ, "ಸಾಹೇಬ್" ಎನ್ನುತ್ತಾನೆ ಎಂದು ಬರೆದ. ಹೊಂಚು ಹಾಕಿ ಕೂತವರು ಬೀಡಿ ಹಚ್ಚುವುದಿಲ್ಲ ಎಂದು ಬರೆದ. ಹೀಗೆ ತಿದ್ದುತ್ತಾ ತಿದ್ದುತ್ತಾ ಸುಬೇದಾರ ಸಾಯುವ ಪುಟಕ್ಕೆ ಬಂದ. ಹೆಣವನ್ನು ಹೊಳೆಯ ದಂಡೆಯಲ್ಲಿ ಮಲಗಿಸುತ್ತಾರೆ. ಮೇಜರ್ ಪ್ರೀತಂ ಶಿರಸ್ತ್ರಾಣ ತೆಗೆದು ನೀರಿಗೆಸೆದು, ಬರಿದಲೆಯಲ್ಲಿ ನಿಂತು ಸೆಲ್ಯೂಟ್ ಹೊಡೆಯುತ್ತಾನೆ.

ನಮ್ಮ ಸೈನ್ಯದಲ್ಲಿ ಬರಿದಲೆಯಲ್ಲಿ ಸೆಲ್ಯೂಟ್ ಇಲ್ಲ. ತಲೆಯ ಮೇಲೆ ಟೋಪಿಯಿಲ್ಲದಿದ್ದರೆ ಕೈ ಎತ್ತುವಂತಿಲ್ಲ, ಸಾವಧಾನ್ ಆಗಿ ಸೆಟೆದು ನಿಲ್ಲಬೇಕು ಅಷ್ಟೆ. ಸೇರಿದ ಮೊದಲ ವಾರದಲ್ಲೇ ಬೈದು ಬೈದು ಕಲಿಸುವ ಪಾಠ ಅದು. ಬೆಟ್ಟಯ್ಯನ ಪೆನ್ನು ಕಾಗದಕ್ಕೆ ತಾಗಿತು. ಕೆಂಪು ಚುಕ್ಕೆಯೊಂದು ಬಿತ್ತು. ಇಂದ್ರಮ್ಮ ಅತ್ತದ್ದು ಇದಕ್ಕೇ ಎಂದು ನೆನಪಾಯಿತು. ಪುಸ್ತಕ ಬಿಡುಗಡೆಗೆ ಮಳವಳ್ಳಿ ಕಡೆಯ ನಿವೃತ್ತ ಕರ್ನಲ್ ಒಬ್ಬರು ಬರುತ್ತಾರೆಂದು ಸಿದ್ದರಾಮು ಹೇಳಿದ್ದೂ ನೆನಪಾಯಿತು. ನಗಲಿ, ನಾಲ್ಕು ಜನರೆದುರು ನಗಲಿ, ಅವಳೂ ನೋಡಲಿ. ಪೆನ್ನು ಎತ್ತಿಕೊಂಡು ಪುಟ ತಿರುಗಿಸಿದ.

ಬಿಡುಗಡೆ ಮಂಡ್ಯದ ಒಂದು ಸಭಾಂಗಣದಲ್ಲಿ, ಭಾನುವಾರ, ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ. ಡೈರಿಯ ಸಾಲು ಸಾಲೇ ಟೆಂಪೋ ಮಾಡಿಕೊಂಡು ಬಂದಿತ್ತು. ಬೆಟ್ಟಯ್ಯ ಹೆಂಡತಿಯನ್ನು ಬೇರೆಯಾಗಿ ಬಸ್ಸಿನಲ್ಲಿ ಕರೆತಂದು ಮೂರನೇ ಸಾಲಿನಲ್ಲಿ ಕೂರಿಸಿದ, ಎಲ್ಲವೂ ಸರಿಯಾಗಿ ಕಾಣುವಂತೆ. ಇಂದ್ರಮ್ಮ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದಳು. ಅದಕ್ಕೂ ಅವನಿಗೆ ಕಸಿವಿಸಿ.

ಕರ್ನಲ್ ಎದ್ದು ನಿಂತು ಪುಸ್ತಕ ಬಿಡಿಸಿ ಮೊದಲ ಪುಟ ಓದಿದರು. "ಈ ಕಥೆಯ ಸೈನಿಕ ವಿವರಗಳನ್ನು ಅಕ್ಷರಕ್ಕೆ ಅಕ್ಷರ ನೋಡಿ ತಿದ್ದಿಕೊಟ್ಟ ನನ್ನ ಬಾಲ್ಯದ ಗೆಳೆಯ, ನಮ್ಮೂರಿನ ನಿಜವಾದ ವೀರ, ಹವಾಲ್ದಾರ್ ಬೆಟ್ಟಯ್ಯನಿಗೆ ಈ ಪುಸ್ತಕ ಅರ್ಪಣೆ."

ಇದು ಅವನಿಗೆ ಗೊತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಇಂದ್ರಮ್ಮ ಸಟ್ಟನೆ ಅವನ ಕಡೆ ತಿರುಗಿದಳು, ಅವನು ಡೈರಿಯ ಗೋಡೆಯ ಮರೆಯಿಂದ ಕಂಡಿದ್ದ ಅದೇ ಮುಖದಲ್ಲಿ. ಬೆಟ್ಟಯ್ಯನಿಗೆ ಕೂತ ಕುರ್ಚಿ ಕುಸಿದರೆ ಸಾಕು ಎನಿಸಿತು.

"ಬೆಟ್ಟಯ್ಯನವರು ಬಂದಿದ್ದರೆ ಎದ್ದು ನಿಲ್ಲಿ," ಎಂದರು ಕರ್ನಲ್. ಅವನು ಎದ್ದ. ಕಾಲುಗಳು ತಾವಾಗಿ ಜೋಡಿಸಿಕೊಂಡವು. "ಪುಸ್ತಕ ನಿನ್ನೆ ಓದಿ ಮುಗಿಸಿದೆ. ಆಯುಧಗಳೆಲ್ಲ ಕಲ್ಪನೆ, ಅದು ಲೇಖಕರ ಹಕ್ಕು. ಆದರೆ ಹವಾಲ್ದಾರ್, ಬರಿದಲೆಯಲ್ಲಿ ಸೆಲ್ಯೂಟ್ ಹೊಡೆಸಿದ್ದಾರಲ್ಲ, ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?"

ಅವನು ಬಾಯಿ ತೆರೆಯುವ ಮೊದಲೇ ವೇದಿಕೆಯ ಮೇಲಿದ್ದ ಸಿದ್ದರಾಮು ಮೈಕಿಗೆ ಬಂದ. "ಸಾರ್, ತಪ್ಪು ನಂದು. ಬೆಟ್ಟಯ್ಯ ಯೋಳಿದ್ದ. ತಿದ್ದೋದು ನಾನೇ ಮರ್ತೆ."

ಹಸಿ ಸುಳ್ಳು. ಆ ಪುಟದ ಕೆಂಪು ಚುಕ್ಕೆಯನ್ನು ಸಿದ್ದರಾಮು ಕಂಡಿದ್ದಾನೋ ಇಲ್ಲವೋ, ಗೆಳೆಯನ ಮಾನ ಉಳಿಸಲು ಆಡಿದ ಸುಳ್ಳು ಅದು. ಬೆಟ್ಟಯ್ಯ ಸುಮ್ಮನೆ ಕೂತುಬಿಟ್ಟಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಇಂದ್ರಮ್ಮ ಇನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದಳು. ಬೆಟ್ಟಯ್ಯನಿಗೆ ಇಷ್ಟು ವರ್ಷ ಬೇಕಾಗಿದ್ದದ್ದು ಆ ನೋಟವೇ, ಆದರೆ ಅದನ್ನೂ ಸಿದ್ದರಾಮುವೇ ದಾನ ಕೊಡಬೇಕೇ?

"ಇಲ್ಲ ಸಾರ್," ಎಂದ. "ನಾನು ಯೋಳಿರ್ನಿಲ್ಲ. ಕಂಡಿತ್ತು. ಬೇಕಂತ್ಲೇ ಬುಟ್ಟೆ."

ಕರ್ನಲ್ ಅವನನ್ನು ಒಂದು ಕ್ಷಣ ನೋಡಿ, ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿ, ಜೇನುನೊಣದ ಡ್ರೋನುಗಳ ಬಗ್ಗೆ ಮಾತು ಮುಂದುವರಿಸಿದರು. ಊಟಕ್ಕೆ ನಿಲ್ಲದೆ ಗಂಡ ಹೆಂಡಿರು ಹೊರಗೆ ಬಂದು ಬಸ್ಸು ಹತ್ತಿದರು.

ಅರ್ಧ ದಾರಿ ಬರುವವರೆಗೆ ಇಂದ್ರಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಕೇಳಿದಳು.

"ಯಾಕಂಗ್ ಮಾಡ್ದೆ?"

"ಒಟ್ಟೆಕಿಚ್ಚು ಕಣಮ್ಮಿ."

"ಸಿದ್ದರಾಮಣ್ಣನ ಮ್ಯಾಲಾ?"

"ಅವನ್ ಮ್ಯಾಲೂವೆ. ಆ ಮೇಜರ್ ಮ್ಯಾಲೂವೆ. ಇಲ್ದೇ ಇರೋ ಸುಬೇದಾರನ್ಗೆ ಅಂಗ್ ಅತ್ಯಲ್ಲ, ನಾನು ಇಪ್ಪತ್ತೊಂದ್ ವರ್ಸ ಅಲ್ಲಿದ್ದೆ. ಒಂದಿನ ನನಗೇಂತ ಅತ್ತಿದ್ದೀಯ?"

ಇಂದ್ರಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು. ಅವಳಿಗೆ ಸಿಟ್ಟು ಬಂದಿತ್ತು.

"ಅಳಕ್ಕೆ ನೀನು ನಂಗೇನ್ ಯೋಳಿದ್ದೆ? ರಜಕ್ಕೆ ಬಂದಾಗೆಲ್ಲ ಅಲ್ಲೆಂಗದೆ ಅಂದ್ರೆ, ಏನಿಲ್ಲ, ಚಳಿ ಅಂತಿದ್ದೆ. ಮೂರ್ ಸಲ ಕೇಳ್ದೆ, ನಾಕ್ ಸಲ ಕೇಳ್ದೆ, ಆಮ್ಯಾಕ್ ಬುಟ್ಟೆ. ನಿನ್ ಇಪ್ಪತ್ತೊಂದ್ ವರ್ಸದಲ್ಲಿ ನಂಗ್ ಗೊತ್ತಿರೋದು ಚಳಿ ಒಂದೇಯ."

ಅವಳು ಕೇಳಿದ್ದಳು. ಬೆಟ್ಟಯ್ಯನಿಗೆ ಒಂದೊಂದಾಗಿ ನೆನಪಾಯಿತು, ಕಣದ ಹತ್ತಿರ ಕೇಳಿದ್ದು, ತವರಿಗೆ ಹೋಗುವ ಗಾಡಿಯಲ್ಲಿ ಕೇಳಿದ್ದು. ಹೌದು, ಚಳಿ ಎಂದಿದ್ದ. ಯಾರೂ ಕೇಳಲಿಲ್ಲ ಎಂದು ಇಷ್ಟು ದಿನ ಉರಿದದ್ದು ಯಾರ ಮೇಲೆ ಎಂದು ಈಗ ತಿಳಿಯದೆ ಹೋಯಿತು.

ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಅವನು ಹೇಳತೊಡಗಿದ. ಮಧುರೆ ಕಡೆಯ ಮುತ್ತುಪಾಂಡಿ ಅಂತ ಒಬ್ಬನಿದ್ದ. ಎರಡು ವರ್ಷ ಒಂದೇ ಗುಡಾರ, ಒಂದೇ ತಟ್ಟೆ. ನಾಲ್ಕು ದಿನ ಇವರು ಬೆನ್ನು ಹತ್ತಿದ್ದ ಉಗ್ರರು ಕೊನೆಗೆ ಒಂದು ಕುರಿಗಾಹಿಯ ಗುಡಿಸಲಿನಿಂದ ಗುಂಡು ಹಾರಿಸಿದರು. ಮೊದಲನೆಯದೇ ಮುತ್ತುಪಾಂಡಿಗೆ ತಾಗಿತು. ಹೆಣವನ್ನು ಕಂಬಳಿಯಲ್ಲಿ ಸುತ್ತಿ ಏಳು ಗಂಟೆ ಕಾಲ ಹೊತ್ತು ಗುಡ್ಡ ಇಳಿಸಿದರು. ದಾರಿಯಲ್ಲಿ ಬೆಟ್ಟಯ್ಯನ ಟೋಪಿ ಹಳ್ಳಕ್ಕೆ ಬಿದ್ದು ಹೋಯಿತು.

"ಎಲಿಕಾಪ್ಟರ್ಗೆ ಆಕೋ ಮುಂಚೆ ಎಲ್ರೂ ಸೆಲ್ಯೂಟ್ ಒಡೆದ್ರು. ನಂಗೆ ಟೋಪಿ ಇರ್ನಿಲ್ಲ. ಕೈ ಎತ್ನಿಲ್ಲ. ಅಂಗೇ ನಿಂತಿದ್ದೆ, ಕೈ ತೊಡೆಗೆ ಅಂಟಿಸ್ಕಂಡು." ಕಂಬಿ ಬಿಟ್ಟು ಕೈ ತೊಡೆಯ ಮೇಲಿಟ್ಟುಕೊಂಡ. "ಆ ಮೇಜರ್ ಎತ್ಬುಟ್ಟ ಕಣಮ್ಮಿ. ಸಿದ್ದರಾಮು ಎತ್ತಿಸ್ಬುಟ್ಟ. ತಪ್ಪು ಅಂತ ಗೊತ್ತಿದ್ರೂ ನಂಗೆ ಅದನ್ನ ಗೀಚಾಕಕ್ಕೆ ಆಗ್ನಿಲ್ಲ. ಅದಕ್ಕೂ ಒಟ್ಟೆ ಉರೀತು."

ಇಂದ್ರಮ್ಮ ಅಳಲಿಲ್ಲ. ಡೈರಿಯಲ್ಲಿ ಅತ್ತಂತೆ ಸೆರಗು ಮುಖಕ್ಕೆ ಹೋಗಲಿಲ್ಲ. ಹುಬ್ಬು ಗಂಟಿಕ್ಕಿ ಏನೋ ಯೋಚಿಸುತ್ತಿದ್ದಳು.

"ಆವಯ್ಯಂಗೆ ಮದ್ವೆ ಆಗಿತ್ತಾ?"

"ಊಂ."

"ಮಕ್ಕಳು?"

"ಒಂದು ಎಣ್ಣು ಅಂತಿದ್ದ. ಆಗ ಆಡೋ ಕೂಸು."

"ಈಗೇನಾಗವ್ರೆ?"

ಮುತ್ತುಪಾಂಡಿಯ ಊರು ಬೆಟ್ಟಯ್ಯನಿಗೆ ಗೊತ್ತಿತ್ತು, ಮಧುರೆಯ ಹತ್ತಿರ. ವಿಳಾಸದ ಚೀಟಿ ಕಬ್ಬಿಣದ ಟ್ರಂಕಿನ ತಳದಲ್ಲಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಕಾಗದ ಬರೆದಿರಲಿಲ್ಲ, ಒಂದು ಫೋನು ಮಾಡಿರಲಿಲ್ಲ.

"ಗೊತ್ತಿಲ್ಲ ಕಣಮ್ಮಿ," ಎಂದ. "ನಾನು ಕೇಳ್ನಿಲ್ಲ."

ಬಸ್ಸು ಅವರ ಊರಿನ ಗೇಟಿನಲ್ಲಿ ನಿಂತಿತು. ಇಬ್ಬರೂ ಇಳಿದರು. ಸಂಜೆಯ ಹಾಲು ಕರೆಯುವ ಹೊತ್ತಾಗಿತ್ತು, ಆದರೂ ಇಂದ್ರಮ್ಮ ಮನೆಯ ಕಡೆ ಹೆಜ್ಜೆ ಹಾಕದೆ ಅಲ್ಲೇ ನಿಂತಳು.

"ಮದುರೆಗೆ ಇಲ್ಲಿಂದ ಬಸ್ಸದಾ," ಎಂದು ಕೇಳಿದಳು, "ಮೈಸೂರ್ಗೇ ಓಗ್ಬೇಕಾ?"