ಹಳೆಯ ಕಾರಿಗೆ ಹೊಸ ಸೆಲ್ಫ್

ಎರಡು ವರ್ಷಗಳ ಕಾಲ ನಮ್ಮ ಮನೆಯ ನೆಂಟಸ್ತನವನ್ನು ನಿರ್ಧರಿಸಿದ್ದು ರಸ್ತೆಯ ಇಳಿಜಾರು. ಅಪ್ಪನ ಹಳೆಯ ಬಿಳಿ ಕಾರಿನ ಸೆಲ್ಫ್, ಅಂದರೆ ಕೀಲಿ ತಿರುವಿದೊಡನೆ ಎಂಜಿನ್ನನ್ನು ಎಬ್ಬಿಸುವ ಮೋಟಾರು, ಕೆಟ್ಟು ಕುಳಿತಿತ್ತು. ಇಳಿಜಾರಿನಲ್ಲಿ ಉರುಳಿಸಿದರೆ ಮಾತ್ರ ಕಾರು ಎಚ್ಚರಗೊಳ್ಳುತ್ತಿತ್ತು. ಹಾಗಾಗಿ ಸವದತ್ತಿಯ ಗುಡ್ಡದಲ್ಲಿ ಅಪ್ಪ ಅರಸನಂತೆ ಓಡಾಡಿಕೊಂಡಿದ್ದ. ಮನೋಳಿಯಲ್ಲಿ ಇಳಿಜಾರು ಹೊಳೆಯ ಕಡೆಗೇ ಇಳಿಯುವುದರಿಂದ ಬ್ರೇಕಿನ ಮೇಲೆ ಸ್ವಲ್ಪ ಹೆಚ್ಚಿನ ಭಕ್ತಿ ಬೇಕಾಗುತ್ತಿತ್ತು. ಸಂಪಗಾಂವದ ಸಪಾಟು ಓಣಿಯಲ್ಲಿ ಮಾತ್ರ ಎಂಜಿನ್ ಬಂದ್ ಮಾಡದೆ, ಬಾಗಿಲಲ್ಲೇ ನಿಂತು ಚಹಾ ಕುಡಿದು, ಯಾರದೋ ಮದುವೆ ನಿಶ್ಚಯದ ಸುದ್ದಿಯನ್ನು ಅರ್ಧ ಕೇಳಿ ಹೊರಟುಬಿಡುತ್ತಿದ್ದ.

ಇಳಿಜಾರು ಸಿಗದ ಕಡೆ ಕಾರು ದೂಡುತ್ತಿದ್ದವಳು ಅವ್ವ. ನಾನು ಆಗ ಧಾರವಾಡದಲ್ಲಿ ಓದುತ್ತಿದ್ದೆ. ಕಂಡ ಕಂಡ ಅನ್ಯಾಯಕ್ಕೆಲ್ಲ ‘ಹೊಣೆ ಯಾರು?’ ಎಂದು ಕೇಳುವುದನ್ನು ರೂಢಿಸಿಕೊಳ್ಳುತ್ತಿದ್ದೆ.

ಓದು ಮುಗಿಸಿ ಬೈಲಹೊಂಗಲದ ಮನೆಗೆ ಮರಳಿದ ವಾರದಲ್ಲೇ ಕಿತ್ತೂರಿನಲ್ಲೊಂದು ಮದುವೆ. ಊಟವಾದ ಮೇಲೆ ನಾನು ಗೆಳತಿಯರ ನಡುವೆ ಮೈಮರೆತಿದ್ದಾಗ, ಇಳಕಲ್ ಸೀರೆಯುಟ್ಟ ಅವ್ವ ಬೀಗರೆಲ್ಲರ ಎದುರು ಕಾರು ದೂಡಿದಳು. ಮನೆ ತಲುಪಿದ ಮೇಲೆ ಅವಳ ತೀರ್ಪು ಹೊರಬಿತ್ತು.

“ಐತವಾರ ಅಕ್ಕನ ಮನಿ ವಾಸ್ತುಶಾಂತಿಗೆ ರಾಮದುರ್ಗಕ್ಕ ಹೋಗೋದೈತಿ. ಗಾಡಿ ತಾನ ಚಾಲೂ ಆತಂದ್ರ ಕುಂಡರತೇನಿ. ಇಲ್ಲಾಂದ್ರ ನಾ ಬಸ್ಸಿಗೆ, ಅದು ಸೋಮವಾರ ಗುಜರಿಗೆ. ತಿಳೀತೇನ್ರಿ?”

ಅಪ್ಪ ತಲೆಯಾಡಿಸಿದ. ಹುಟ್ಟಿದ ಮೂರನೆಯ ದಿನ ನನ್ನನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಅದೇ ಕಾರು. ಗುಜರಿ ಎಂಬ ಮಾತು ಕೇಳಿ ಅವನು ಆ ಸಂಜೆ ಎರಡು ಸಲ ಹೊರಗೆ ಹೋಗಿ ಅದರ ಗಾಜು ಒರೆಸಿ ಬಂದ.

ಶನಿವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ನಾವಿಬ್ಬರೂ ಹಾಜರಾದೆವು. ಅಪ್ಪನಷ್ಟೇ ವಯಸ್ಸಾದ ಮಿಸ್ತ್ರಿ ಹಳೆಯ ಮೋಟಾರನ್ನು ಬಿಚ್ಚಿ ಕೆಳಗಿಟ್ಟು, ಅದರ ಅರ್ಧ ಗಾತ್ರದ ಹೊಸದೊಂದನ್ನು ಹೊರತೆಗೆದರು.

“ಹಳೇದು ಎಲ್ಲೂ ಸಿಗೂದಿಲ್ರಿ ಸಾವ್ಕಾರ್ರ. ಇದು ಮುಂದಿನ ಮಾಡೆಲ್ಲಿಂದು. ಕುಂಡರತೈತಿ.”

ಅಪ್ಪ ಅದನ್ನು ತೆಂಗಿನಕಾಯಿಯಂತೆ ಕಿವಿಯ ಬಳಿ ಅಲುಗಾಡಿಸಿದ. “ಇಷ್ಟ ಸಣ್ಣದು ಅಷ್ಟ ದೊಡ್ಡ ಎಂಜಿನ್ ತಿರಗಸ್ತೈತೇನು?”

“ಹಳೇದು ಬರೇ ಮೈಬಲದ ಮ್ಯಾಲ ತಿರುಗತಿತ್ರಿ. ಇದರೊಳಗ ಗೇರ್ ಅದಾವು. ಸ್ವಲ್ಪ ಬುದ್ಧಿ ಐತಿ.”

“ಹಂಗಾದ್ರ ನಮ್ಮ ಹುಡಿಗ್ಯಂಗ ಅನ್ನು. ಮಾತೂ ಆಡತೈತೇನು ನೋಡು ಮತ್ತ.”

ನಾನು ಕೇಳಿಸದವಳಂತೆ ನಿಂತೆ. ಬೋಲ್ಟಿನ ತೂತುಗಳು ಸರಿಹೊಂದಿದವು. ಆದರೆ ಮೋಟಾರಿನ ಬೆನ್ನು ಎಂಜಿನ್ನಿಗೆ ತಾಗುತ್ತಿತ್ತು. ಮಿಸ್ತ್ರಿ ಅದರ ಮೂತಿಯನ್ನು ಬಿಚ್ಚಿ, ಒಂದು ತೂತಿನಷ್ಟು ತಿರುಗಿಸಿ ಮತ್ತೆ ಜೋಡಿಸಿದಾಗ ಅದು ತನ್ನದೇ ಮನೆಯೆಂಬಂತೆ ಒಳಗೆ ಕುಳಿತುಬಿಟ್ಟಿತು. ಅಪ್ಪ ಕೀಲಿ ತಿರುವಿದ.

ಟಕ್.

ಇನ್ನೊಮ್ಮೆ. ಟಕ್. ಅಷ್ಟೇ.

ಅಪ್ಪ ಹೊಸ ಮೋಟಾರನ್ನು ಬೈದ. ಮಿಸ್ತ್ರಿ ಬ್ಯಾಟರಿಯನ್ನು ಶಂಕಿಸಿದರು. ತಪಾಸಿಸಿದರೆ ಬ್ಯಾಟರಿ ಸರಿಯಾಗಿಯೇ ಇತ್ತು. ಇನ್ನು ನನ್ನ ಸರದಿ. ಚೀಲದಿಂದ ನೋಟುಬುಕ್ಕು ತೆಗೆದು, ಪುಟದ ನೆತ್ತಿಯಲ್ಲಿ ‘ಹೊಣೆ’ ಎಂದು ಬರೆದು, ಅಡಿಗೆರೆ ಎಳೆದೆ. ಎರಡು ವರ್ಷ ಒಬ್ಬ ಹೆಂಗಸು ಕಾರು ದೂಡಿದ್ದಾಳೆ, ಮೂಲ ದೋಷವನ್ನು ಯಾರೂ ಹುಡುಕಿಲ್ಲ, ಇದು ಕೇವಲ ಯಂತ್ರದ ಪ್ರಶ್ನೆಯಲ್ಲ ಎಂದು ಆರಂಭಿಸಿದೆ.

“ಬರಕೋತ ಇರು ತಂಗೆವ್ವಾ,” ಎಂದರು ಮಿಸ್ತ್ರಿ, “ನಾ ನೋಡಕೋತ ಇರತೇನಿ.”

ಅವರು ದಪ್ಪ ವಾಯರೊಂದರ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಮೋಟಾರಿನ ಮೈಗೆ ಒತ್ತಿ ಹಿಡಿದರು. “ಹೊಡೀರಿ ಸಾವ್ಕಾರ್ರ!” ಕೀಲಿ ತಿರುಗಿತು. ಎರಡು ವರ್ಷ ಕೀಲಿಯ ಮಾತು ಕೇಳದಿದ್ದ ಎಂಜಿನ್ ಒಂದೇ ಏಟಿಗೆ ಗುಡುಗಿತು.

ಮೋಟಾರಿಗೆ ಹೋದ ಕರೆಂಟು ಎಂಜಿನ್ನಿನ ಲೋಹದ ಮೈಯನ್ನು ಹಾದು, ಅಲ್ಲಿಂದೊಂದು ವಾಯರಿನ ಮೂಲಕ ಬ್ಯಾಟರಿಗೆ ಮರಳಬೇಕು. ಆ ಮರಳುವ ದಾರಿ ಎಲ್ಲೋ ಮುಚ್ಚಿತ್ತು. ಮಿಸ್ತ್ರಿ ಆ ವಾಯರಿನ ಬೋಲ್ಟು ಬಿಚ್ಚಿ, ಅದರ ಅಡಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದರು. ಬೆಳ್ಳಿ ಬಣ್ಣದ ಹಕ್ಕಳೆ ಎದ್ದಿತು. ಅದರ ಕೆಳಗೆ ಇನ್ನೊಂದು ಪದರ, ಅದೂ ಬೆಳ್ಳಿ.

“ಯಾರ್ರೀ ಇಲ್ಲಿ ಬಣ್ಣಾ ಬಳದವ್ರು? ಬೋಲ್ಟಿನ ಬುಡಕ್ಕ ಯಾರರ ಬಳೀತಾರೇನು?”

ಅಪ್ಪ ಗ್ಯಾರೇಜಿನ ತಗಡಿನ ಮಾಡನ್ನು ಆಸಕ್ತಿಯಿಂದ ನೋಡತೊಡಗಿದ.

ದಸರೆಯ ಖಂಡೇಪೂಜೆಗೆ ನಮ್ಮಲ್ಲಿ ಕುಡುಗೋಲು, ತಕ್ಕಡಿಗಳ ಜೊತೆ ಕಾರಿಗೂ ಪೂಜೆ. ತೊಳೆದು ವಿಭೂತಿ ಹಚ್ಚಿದರೆ ಊರವರಿಗೆ ಸಾಕು, ಅಪ್ಪನಿಗೆ ಸಾಲದು. ಬಾನೆಟ್ಟು ಎತ್ತಿ ಎಂಜಿನ್ನಿಗೂ ಬೆಳ್ಳಿ ಬಣ್ಣ ಬಳಿಯಬೇಕು. ಬ್ರಷ್ಷು ಶಾಲೆಯ ದಿನಗಳಿಂದಲೂ ನನ್ನ ಕೈಯಲ್ಲೇ ಇತ್ತು. ಎರಡು ವರ್ಷದ ಹಿಂದಿನ ದಸರೆಗೆ ಧಾರವಾಡದಿಂದ ಬಂದಿದ್ದ ನನಗೆ ಅರೆಬರೆ ಕೆಲಸ ಸಹಿಸಲಾಗಲಿಲ್ಲ. ಬೋಲ್ಟನ್ನೇ ಬಿಚ್ಚಿ, ಅದರಡಿಗೂ ಎರಡು ಕೈ ಬಳಿದು, ಒಣಗಿದ ಮೇಲೆ ಬಿಗಿದು, ಪೂಜೆ ಮುಗಿಸಿ ಬಸ್ಸು ಹತ್ತಿದ್ದೆ. ಸೆಲ್ಫ್ ಸತ್ತದ್ದು ಅದೇ ವಾರ. ನನ್ನ ಮುಖದಲ್ಲೇ ಮಿಸ್ತ್ರಿಗೆ ಉತ್ತರ ಸಿಕ್ಕಿತು.

ಮಿಸ್ತ್ರಿ ನೆಲದ ಮೇಲಿದ್ದ ಹಳೆಯ ಮೋಟಾರಿಗೂ ವಾಯರು ಮುಟ್ಟಿಸಿದರು. ಗೊಣಗಿಕೊಂಡೇ ಆದರೂ ಅದು ತಿರುಗಿತು.

“ಬರಿ ತಂಗೆವ್ವಾ,” ಎಂದರು ನೋಟುಬುಕ್ಕಿನ ಕಡೆ ಗದ್ದ ಚಾಚಿ. “ಗೆರಿ ಎಳದ ಇಟ್ಟೀಯಲಾ, ಕೆಳಗ ಹೆಸರು ಬರಿ.”

ಪಾಲಿಶ್ ಪೇಪರಿನಿಂದ ಬಣ್ಣ ಉಜ್ಜಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಲೋಹ ಹೊಳೆದ ಮೇಲೆ ಹೊಸ ಸೆಲ್ಫನ್ನೇ ಉಳಿಸಿಕೊಂಡೆವು. ಮನೆಯ ದಾರಿಯಲ್ಲಿ ಅಪ್ಪ ತಗ್ಗಿದ ದನಿಯಲ್ಲಿ ಹೇಳಿದ: “ಅವ್ವಗ ಹೇಳಬ್ಯಾಡ. ಗಾಡಿ ಉಳೀತು, ನೀನೂ ಉಳಿ.”

ಐತವಾರ ಕಾರು ಮೊದಲ ತಿರುವಿಗೇ ಎದ್ದಿತು. ಅವ್ವ ಅನುಮಾನದಿಂದಲೇ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಳು. ಇತರರ ಹೊಣೆಯನ್ನು ಇಷ್ಟು ವರ್ಷ ಎತ್ತರದ ದನಿಯಲ್ಲಿ ಕೇಳಿದ ನನಗೆ ನನ್ನದನ್ನು ನುಂಗಿಕೊಂಡು ಕೂರಲು ಸಾಧ್ಯವಾದದ್ದು ಸವದತ್ತಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ರಸ್ತೆಯ ಮೇಲೆ ಕಣ್ಣು ನೆಟ್ಟ. ಅವ್ವ ಎಲೆಯಡಿಕೆ ಮಡಚಿ ಬಾಯಿಗೆ ಹಾಕಿಕೊಂಡಳು. ಅದು ಒಳ್ಳೆಯ ಲಕ್ಷಣವೆಂದು ನಾನು ತಿಳಿದೆ.

ರಾಮದುರ್ಗದಲ್ಲಿ ಅಪ್ಪ ಅಭ್ಯಾಸಬಲದಿಂದ ಇಳಿಜಾರು ಹುಡುಕುತ್ತಿದ್ದಾಗ ಅವ್ವ ಕೈ ತೋರಿಸಿದಳು. “ಅಲ್ಲಿ ಬ್ಯಾಡ. ಸಪಾಟ್ ಜಾಗಾದಾಗ ನಿಲ್ಲಸ್ರಿ.”

ಸಂಜೆ ಹೊರಡುವಾಗ ದೊಡ್ಡವ್ವನ ಹೊಸ ಮನೆಯ ಕಟ್ಟೆಯ ತುಂಬ ನೆಂಟರು ನಿಂತಿದ್ದರು. ನಾನೂ ಅಂದು ಇಳಕಲ್ ಸೀರೆಯುಟ್ಟಿದ್ದೆ. ಅಪ್ಪ ಕೀಲಿಗೆ ಕೈ ಹಾಕಿದೊಡನೆ ಅವ್ವ ತಡೆದಳು.

“ಅರ್ಧಾನ ತಿರುಗಸ್ರಿ, ಸೆಲ್ಫ್ ಹೊಡೀಬ್ಯಾಡ್ರಿ.” ಆಮೇಲೆ ಹಿಂದೆ ತಿರುಗಿ ನನ್ನನ್ನು ನೋಡಿದಳು. “ಇಳಿಯವಾ.”

ಇಳಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಡಿಕ್ಕಿಗೆ ಕೊಟ್ಟು ದೂಡತೊಡಗಿದೆ. ಅವ್ವ ಕಿಟಕಿಯ ಗಾಜು ಇಳಿಸಿ, ಕಟ್ಟೆಯ ಮೇಲಿದ್ದ ಒಬ್ಬೊಬ್ಬರಿಗೂ ನಿಧಾನವಾಗಿ ಕೈಮುಗಿಯುತ್ತಾ, “ಬರತೇವ್ರಿ, ಬರತೇವ್ರಿ” ಎನ್ನುತ್ತಿದ್ದಳು.