ನಾವಿಕ ಹೇಳಿದ ಮಾತು

ರಾಜ್ಯಗಳನ್ನು ಹಂಚಿದಾಗ ಕಾಸರಗೋಡಿನ ನಮ್ಮ ಮನೆ ಕೇರಳದ ಪಾಲಾಯಿತು. ಸರ್ಕಾರಿ ಕೆಲಸಕ್ಕೆ ಮಲಯಾಳಂ ಬೇಕು. ನನಗೆ ಅದು ಅಷ್ಟಕ್ಕಷ್ಟೆ. ಹಠಕ್ಕೆ ಬಿದ್ದವನಂತೆ ತಿರುವನಂತಪುರಕ್ಕೆ ಹೋಗಿ ಫ್ರೆಂಚ್ ಎಂ.ಎ.ಗೆ ಸೇರಿದೆ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ತಲೆಬಿಸಿ.

"ಅದನ್ನು ಕಲ್ತು ಎಂತ ಮಾಡ್ಲಿಕ್ಕುಂಟು ಮಗಾ? ಇಲ್ಲಿ ಅದರಲ್ಲಿ ಮಾತಾಡುವವರು ಯಾರಿದ್ದಾರೆ?"

ನಮ್ಮ ಪ್ರೊಫೆಸರರು ಕಾವ್ಯದ ಜೊತೆಗೆ ಹೊಟ್ಟೆಪಾಡಿನ ಫ್ರೆಂಚನ್ನೂ ಕಲಿಸಿದರು. ವ್ಯಾಪಾರದ ಕಾಗದ, ಹಡಗಿನ ಸರಕಿನ ಪಟ್ಟಿ, ದುಭಾಷಿಯ ಕೆಲಸ. ದುಭಾಷಿ ಎಂದೂ ತಡವರಿಸಬಾರದು ಎನ್ನುತ್ತಿದ್ದರು. ಆ ಒಂದು ಪಾಠ ನನಗೆ ಚೆನ್ನಾಗಿ ಹತ್ತಿತು. ಪದವಿ ಮುಗಿದದ್ದೇ ಮಟ್ಟಾಂಚೇರಿಯ ಕರಿಮೆಣಸಿನ ರಫ್ತು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಬೀಗುತ್ತಾ ಅಪ್ಪನಿಗೆ ಕಾಗದ ಬರೆದೆ.

ಒಂದು ಮಧ್ಯಾಹ್ನ ಎರ್ನಾಕುಲಂನ ಆಸ್ಪತ್ರೆಯಿಂದ ಕರೆ ಬಂತು. ಫ್ರೆಂಚ್ ಹಡಗಿನಿಂದ ಇಳಿಸಿದ ನಾವಿಕನೊಬ್ಬ ಜ್ವರದಲ್ಲಿ ಏನೋ ಹೇಳುತ್ತಿದ್ದಾನೆ, ಯಾರಿಗೂ ತಿಳಿಯುತ್ತಿಲ್ಲ ಎಂದು. ಬೋಟು ಹಿಡಿದು ಹೋದೆ. ನನ್ನದೇ ವಯಸ್ಸಿನವನು. ನನ್ನ ಕೈ ಹಿಡಿದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ.

"ಏನಂತೆ?" ಎಂದರು ಡಾಕ್ಟರು. ನರ್ಸುಗಳು, ಹಡಗಿನ ಏಜೆಂಟ್, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ತಿಳಿಯಲಿಲ್ಲ ಎನ್ನಲು ನಾಲಗೆ ಏಳಲಿಲ್ಲ.

"ನೀರು ಕೇಳ್ತಿದ್ದಾನೆ" ಎಂದೆ.

ನೀರು ತಂದರು. ಅವನು ನನ್ನ ಕೈ ಬಿಟ್ಟು ಗೋಡೆಯ ಕಡೆ ಹೊರಳಿದ. ಮರುದಿನ ಬೆಳಿಗ್ಗೆ ತೀರಿಕೊಂಡ.

ಎರಡು ತಿಂಗಳಾದ ಮೇಲೆ ಅವನ ತಾಯಿಯ ಕಾಗದ ಬಂತು. ಊರ ಪಾದ್ರಿಯ ಕೈಯಲ್ಲಿ ಫ್ರೆಂಚಿನಲ್ಲಿ ಬರೆಸಿದ್ದು. ಆಕೆಗೆ ಫ್ರೆಂಚ್ ಬಾರದು. ಅವರ ಕಡಲತೀರದ ಮನೆಗಳಲ್ಲಿ ಆಡುವುದು ಬೇರೆಯೇ ಭಾಷೆ. ಮಗ ಜ್ವರದಲ್ಲಿ ಆ ಮನೆಮಾತನ್ನೇ ಆಡಿರಬೇಕು. ಅಷ್ಟು ದೂರದಲ್ಲಿ ಅದನ್ನು ಬಲ್ಲವರೊಬ್ಬರು ಪಕ್ಕದಲ್ಲಿದ್ದರೆಂದು ಏಜೆಂಟರಿಂದ ತಿಳಿದು ಸಮಾಧಾನವಾಯಿತು ಎಂದಿದ್ದರು. ಕೊನೆಗೆ ಒಂದು ಪ್ರಶ್ನೆ: ಅವನು ಏನು ಹೇಳಿದ?

ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು ಭಾಷೆ ಆಡುತ್ತಾ ಬೆಳೆದ ನನಗೇ ಇದು ಹೊಳೆಯಬೇಡವೇ? ನಾಚಿಕೆಯಾಯಿತು. ನಿಜ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದೆ. ಕೊನೆಗೆ, ಕಲಿತ ಚೆಂದದ ಫ್ರೆಂಚಿನಲ್ಲಿ, "ಅಮ್ಮಾ, ಮನೆಗೆ ಬರುತ್ತಿದ್ದೇನೆ ಎಂದ" ಎಂದು ಬರೆದು ಅಂಚೆಗೆ ಹಾಕಿದೆ.

ಉತ್ತರವಾಗಿ ಒಂದು ಫೋಟೋ ಬಂತು. ಮಗನ ಹೆಸರಿನಲ್ಲಿ ನಿಲ್ಲಿಸಿದ ನೆನಪಿನ ಕಲ್ಲು. ಅದರ ಮೇಲೆ ನನ್ನ ಸುಳ್ಳನ್ನು ಅವರ ಮನೆಮಾತಿಗೆ ತಿರುಗಿಸಿ ಕೆತ್ತಿಸಿದ್ದರು; ಫೋಟೋದ ಹಿಂದೆ ಪಾದ್ರಿ ಹಾಗೆಂದು ಫ್ರೆಂಚಿನಲ್ಲಿ ಬರೆದಿದ್ದರು.

ಆ ನಾವಿಕನ ಮುಖ ಈಗ ನನಗೆ ಸರಿಯಾಗಿ ನೆನಪಿಲ್ಲ. ಆದರೆ ಅವನು ಹೇಳಿದ ಸದ್ದು ಬಿಟ್ಟು ಹೋಗಿಲ್ಲ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ ಬಾಯಿಗೇ ಬಂದುಬಿಡುತ್ತದೆ, ಒಂದಕ್ಷರ ತಪ್ಪದೆ. ಅರ್ಥ ಇಂದಿಗೂ ಗೊತ್ತಿಲ್ಲ. ಆ ತಾಯಿಗೆ ಸದ್ದನ್ನಷ್ಟೇ ಬರೆದು ಕಳಿಸಿದ್ದರೂ ಸಾಕಿತ್ತು. ಆಕೆಗೆ ತಿಳಿಯುತ್ತಿತ್ತು.