ನಾವೇ ಬದಲಿಸಿದ ಬ್ರೇಕು

ಆ ಕಾರು ಮನೆಗೆ ಬಂದ ಮೇಲೆ ನನಗೆ ಭಾನುವಾರ ಎಂಬುದೇ ಇಲ್ಲವಾಯಿತು. ನನ್ನ ಗಂಡನ ಆಫೀಸಿನ ಇಂಗ್ಲಿಷ್ ಸಾಹೇಬರು ಊರಿಗೆ ಮರಳುವಾಗ ಮಾರಿಹೋದ ಹಳೆಯ ಕಪ್ಪು ಗಾಡಿ ಅದು. ಜೊತೆಗೆ, ಪುಟಗಳ ಮೂಲೆಯಲ್ಲಿ ಯಾರದೋ ಎಣ್ಣೆಬೆರಳಿನ ಗುರುತುಗಳಿದ್ದ ಒಂದು ರಿಪೇರಿ ಪುಸ್ತಕವೂ ಬಂದಿತ್ತು. ಕಾರಿಗಿಂತ ಹೆಚ್ಚು ನನ್ನನ್ನು ದಣಿಸಿದ್ದು ಆ ಪುಸ್ತಕ.

ಘಾಟ್ಕೋಪರಿನಲ್ಲಿ ನಮ್ಮ ಮನೆ ಗುಡ್ಡದ ಏರಿನಲ್ಲಿತ್ತು. ಸ್ಟೇಷನ್ ಕಡೆಗೆ ಹೋಗಬೇಕಾದರೆ ಇಳಿಜಾರು ಇಳಿಯಬೇಕು. ಇಳಿಜಾರಿನ ಬುಡದಲ್ಲಿ ಎಮ್ಮೆಗಳ ಕೊಟ್ಟಿಗೆ, ತಬೇಲಾ. ಆ ವರ್ಷದ ಮಳೆ ಮುಗಿಯುವ ಹೊತ್ತಿಗೆ, ಬ್ರೇಕು ತುಳಿದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬರತೊಡಗಿತು. ಗ್ಯಾರೇಜಿನ ಮಿಸ್ತ್ರಿ ಒಮ್ಮೆ ಓಡಿಸಿ ನೋಡಿ, ಮುಂದಿನ ಚಕ್ರಗಳ ಬ್ರೇಕ್ ಪಟ್ಟಿ ಪೂರಾ ಸವೆದಿದೆ, ಗಾಡಿ ಎರಡು ದಿನ ಬಿಟ್ಟುಹೋಗಿ ಎಂದ. ಪಟ್ಟಿ ಮಾತ್ರ ಕೊಡು, ನಾನೇ ಹಾಕಿಕೊಳ್ಳುತ್ತೇನೆ ಎಂದರು ಇವರು.

"ಸಾಬ್, ಯೆ ಬ್ರೇಕ್ ಹೈ, ಕಮೀಜ್ ಕಾ ಬಟನ್ ನಹೀಂ," ಎಂದು ಮಿಸ್ತ್ರಿ ನನ್ನ ಕಡೆ ನೋಡಿ ನಕ್ಕ.

ಅಂಗಿಗೆ ಗುಂಡಿ ಹೊಲಿದ ಹಾಗಲ್ಲ ಎಂಬ ಅವನ ಮಾತು ನನಗೆ ನಾಟಿತು. ಆ ಗಾಡಿಯ ಮುಂದಿನ ಸೀಟಿನಲ್ಲಿ ದಿನಾ ಕೂರುವವಳು ನಮ್ಮ ಏಳು ವರ್ಷದ ಮಗಳು.

"ಗ್ಯಾರೇಜಿಗೇ ಕೊಡುವ," ಎಂದೆ ದಾರಿಯಲ್ಲಿ.

"ಅವ ಹೊಸ ಪಟ್ಟಿ ಹಾಕ್ತಾನೋ, ಹಳತನ್ನೇ ಉಜ್ಜಿ ಕೊಡ್ತಾನೋ, ಕಂಡವರು ಯಾರು ಮಾರಾಯ್ತಿ?" ಎಂದರು. ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ, "ವಾರ ಇಡೀ ಇನ್ನೊಬ್ಬರ ಕಾಗದ ಈಚೆಯಿಂದ ಆಚೆಗೆ ತಳ್ಳುದು. ಕೈಯಿಂದ ಒಂದಾದರೂ ಕೆಲಸ ಆಗ್ಬೇಕಲ್ಲ ನನಗೆ," ಎಂದರು. ಹೊಸ ಪಟ್ಟಿಗಳ ಪೊಟ್ಟಣ ನನ್ನ ಮಡಿಲಲ್ಲಿತ್ತು.

ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಬಂದವರೇ ಚಕ್ರ ಬಿಚ್ಚಿದರು. ಅವರ ಕೈಯೆಲ್ಲ ಮಸಿಯಾದ್ದರಿಂದ ಪುಸ್ತಕ ಹಿಡಿಯುವುದು ನನ್ನ ಪಾಲಿಗೆ ಬಂತು. ಅಂಗಳದಲ್ಲಿ ಮಣೆ ಹಾಕಿ ಕೂತು, ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ, ಅಲ್ಪವಿರಾಮಕ್ಕೊಮ್ಮೆ ಉಸಿರು ತೆಗೆದುಕೊಂಡು ಓದಿದೆ.

"ಪ್ರಾರ್ಥನೆ ಮಾಡ್ಬೇಡ ಮಾರಾಯ್ತಿ. ಸ್ಪ್ರಿಂಗು ಯಾವ ತೂತಿಗೆ ಅಂತ ಹೇಳು!"

ಯಾವ ಸ್ಪ್ರಿಂಗು ಎಲ್ಲಿತ್ತೆಂದು ಧೋಬಿಯ ಚೀಟಿಯ ಹಿಂದೆ ಚಿತ್ರ ಬರೆದಿಟ್ಟುಕೊಂಡೆ. ಅಷ್ಟರಲ್ಲಿ ಬೆಳಕು ಹೋಯಿತು. ಚಕ್ರದೊಳಗಿನ ಎರಡು ಕಬ್ಬಿಣದ ಡ್ರಮ್ಮುಗಳನ್ನು ಇವರು ಜಗಲಿಯಲ್ಲಿ ಪೇಪರು ಹಾಸಿ ಕವುಚಿಟ್ಟರು. ಅಗಲವಾದ ಬೋಗುಣಿಗಳ ಹಾಗೆ ಕಾಣುತ್ತಿದ್ದವು.

ಬೆಳಿಗ್ಗೆ ದೋಸೆಗೆಂದು ಎದ್ದವಳು ನೋಡುತ್ತೇನೆ, ಅವುಗಳ ಮೇಲೆ ಆಗಲೇ ಕೆಂಪು ಚುಕ್ಕೆಗಳು ಎದ್ದಿದ್ದವು. ಸಮುದ್ರದ ಹವೆಯಲ್ಲಿ ಕಬ್ಬಿಣವನ್ನು ಬರಿದೇ ಬಿಡಬಾರದೆಂದು ಅಮ್ಮ ಕಲಿಸಿದ್ದು ನನ್ನ ಕೈಯಲ್ಲೇ ಕೂತಿತ್ತು. ಕಾವಲಿ ಒರೆಸುವ ಎಣ್ಣೆಬಟ್ಟೆಯನ್ನೇ ತಂದು ಚುಕ್ಕೆಗಳನ್ನು ಉಜ್ಜಿ ತೆಗೆದೆ, ಮತ್ತೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಒಳಗೂ ಹೊರಗೂ ಸವರಿದೆ. ಒಳಬದಿ ಕನ್ನಡಿಯಂತೆ ನಯವಾಗಿತ್ತು. ಅದು ಹಾಳಾಗಬಾರದೆಂದು ಅಲ್ಲಿಗೆ ಇನ್ನೊಂದು ಸುತ್ತು.

"ಅರೆ, ತುಕ್ಕೇ ಹಿಡೀಲಿಲ್ಲ!" ಎಂದರು ಇವರು ಆಮೇಲೆ.

"ಒರೆಸಿದ್ದೇನೆ," ಎಂದೆ, ಹೆಮ್ಮೆಯಿಂದಲೇ.

ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯಿತು. ಮಗಳು ಓಡಿಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಬೇಡ ಎನ್ನಲು ಹೋದೆ. ಇವರ ಮುಖದಲ್ಲಿದ್ದ ಸಂತೋಷ ನೋಡಿ ಗೇಟು ತೆರೆದೆ.

ಗಾಡಿ ಇಳಿಜಾರಿನಲ್ಲಿ ನಿಧಾನವಾಗಬೇಕಾದಲ್ಲಿ ನಿಧಾನವಾಗಲಿಲ್ಲ. ಇವರು ಹ್ಯಾಂಡ್‌ಬ್ರೇಕ್ ಎಳೆದ ಕಿರುಚು ಗೇಟಿನವರೆಗೆ ಕೇಳಿತು. ನಾನು ಓಡಿದೆ, ಒಂದು ಚಪ್ಪಲಿ ಎಲ್ಲೋ ಉಳಿಯಿತು. ಗಾಡಿ ತಬೇಲಾದ ಹುಲ್ಲಿನ ರಾಶಿಗೆ ಮೂತಿ ಹಾಕಿ ನಿಂತಿತ್ತು.

"ಸಾಬ್, ಘಾಸ್ ಖಾನೇ ಆಯೇ ಕ್ಯಾ?" ಹುಲ್ಲು ಮೇಯಲು ಬಂದಿರಾ ಎಂದು ಕೇಳಿದ ಎಮ್ಮೆ ಹಾಲು ಕರೆಯುವ ಭಯ್ಯಾ.

ಮಗಳು ಇನ್ನೊಮ್ಮೆ ಹೋಗೋಣ ಎಂದು ಕುಣಿಯುತ್ತಿದ್ದಳು. ಇವರು ಹ್ಯಾಂಡ್‌ಬ್ರೇಕನ್ನು ಇನ್ನೂ ಹಿಡಿದೇ ಕೂತಿದ್ದರು. ಅವಳನ್ನು ಇಳಿಸಿಕೊಳ್ಳಲು ಬಗ್ಗಿದಾಗ ಮುಂದಿನ ಚಕ್ರದಿಂದ ಮೂಗಿಗೆ ಬಂದದ್ದು ಮೊದಲ ದೋಸೆಗೆ ಮುಂಚೆ ಕಾವಲಿ ಕಾಯುವ ವಾಸನೆ. ಪಟ್ಟಿ ಒತ್ತಿ ಹಿಡಿಯಬೇಕಾದ ಒಳಬದಿಗೇ ನಾನು ಎಣ್ಣೆ ಸವರಿದ್ದೆನೆಂದು ಆಗ ಗೊತ್ತಾಯಿತು.

"ನೀನು ಹೇಳಿದ್ದೇ ಸರಿ. ನಾಳೆ ಗ್ಯಾರೇಜಿಗೆ ಬಿಡುವ, ಇನ್ನು ಯಾವಾಗಲೂ ಅಲ್ಲಿಗೇ. ನನ್ನ ಕೈಗೆ ಇದೆಲ್ಲ ಆಗುದಿಲ್ಲ," ಎಂದರು ಮನೆಗೆ ಬಂದು.

ನನಗೆ ಬೇಕಾದದ್ದು ಕೇಳದೆಯೇ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಪುಸ್ತಕದ ಕಾಟವೂ ತಪ್ಪುತ್ತಿತ್ತು. ಇವರು ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದರು. ಮಸಿ ಹೋಗಿ ಎಷ್ಟೋ ಹೊತ್ತಾಗಿತ್ತು. ಆದರೂ ಮೂರನೆಯ ಸಲ ಸೋಪು ಹಚ್ಚುತ್ತಿದ್ದರು. ಟವೆಲು ಹಿಡಿದು ನಿಂತವಳಿಗೆ ಅದನ್ನು ನೋಡಲಾಗಲಿಲ್ಲ.

"ಬೆಳಿಗ್ಗೆ ಆ ಡ್ರಮ್ಮಿಗೆ ತೆಂಗಿನೆಣ್ಣೆ ಹಚ್ಚಿದ್ದೆ."

"ಎಂತದು?"

"ತುಕ್ಕು ಹಿಡಿಯಬಾರದು ಅಂತ. ಕಾವಲಿಗೆ ಹಚ್ಚುವ ಹಾಗೆ."

"ಒಳಗೂ?"

"ಒಳಗೇ ಜಾಸ್ತಿ."

ನಲ್ಲಿ ಸುರಿಯುತ್ತಲೇ ಇತ್ತು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

"ಹಾಗಾದರೆ ನಾನು ಕೂಡಿಸಿದ್ದು ಸರಿ ಇತ್ತಾ?" ಎಂದರು.

"ಮಗು ಇತ್ತು ಅದರಲ್ಲಿ," ಎಂದೆ.

ನಲ್ಲಿ ನಿಲ್ಲಿಸಿದರು. "ಹೌದು. ಪರೀಕ್ಷೆಗೆ ಅವಳನ್ನು ಕೂರಿಸಿದ್ದು ನಾನು."

ಎಣ್ಣೆ ಕುಡಿದ ಪಟ್ಟಿಗಳು ಕೆಲಸಕ್ಕೆ ಬರುವಂತಿರಲಿಲ್ಲ. ಮತ್ತೆ ಹೊಸದು ತಂದು ಇವರೇ ಕೂಡಿಸುವುದು, ಗಾಡಿ ಇಳಿಜಾರಿಗೆ ಹೋಗುವ ಮುಂಚೆ ಮಿಸ್ತ್ರಿ ಬಂದು ನೋಡುವುದು, ಅದರ ಕೂಲಿ ಅವನಿಗೆ ಕೊಡುವುದು ಎಂದು ಒಪ್ಪಂದವಾಯಿತು. ಮುಂದಿನ ಭಾನುವಾರ ಮಿಸ್ತ್ರಿ ಬಂದ, ಎಲ್ಲ ತಿರುಗಿಸಿ ನೋಡಿ "ಫಿಟ್ಟಿಂಗ್ ಬರಾಬರ್ ಹೈ" ಎಂದ. ಎಣ್ಣೆಯ ಕತೆ ಇವರಿಂದ ಕೇಳಿದ್ದವನು ಹೊರಡುವಾಗ ನನ್ನ ಕಡೆ ತಿರುಗಿ, "ಮೇಮ್‌ಸಾಬ್, ಇಸ್ ಬಾರ್ ಘೀ ಲಗಾಯಾ ಕ್ಯಾ?" ಈ ಸಲ ತುಪ್ಪ ಹಚ್ಚಿದಿರಾ ಎಂದು ಕೇಳಲು ಮರೆಯಲಿಲ್ಲ.

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಆ ದಿನ ಮುಂದಿನ ಸೀಟಿನಲ್ಲಿ ನಾನು ಕೂತೆ. ಪುಸ್ತಕ ಮಡಿಲಲ್ಲೇ ಇತ್ತು. ಗಾಡಿ ತಬೇಲಾಕ್ಕಿಂತ ಎಷ್ಟೋ ಮೊದಲೇ ಮೆತ್ತಗೆ ನಿಂತಿತು.

"ಹಿಡೀತು, ಕಂಡ್ಯಾ?"

"ಕಂಡೆ."

"ಇನ್ನು ಹಿಂದಿನ ಎರಡು ಚಕ್ರ ಬಾಕಿ ಉಂಟು. ಬರುವ ಭಾನುವಾರ ನಿನಗೆ ಬೇರೆ ಕೆಲಸ ಇಲ್ವಲ್ಲ?"

ಬೆಳಗಿನ ಪಾತ್ರೆಗಳು ಇನ್ನೂ ಹಾಗೇ ಬಿದ್ದಿರುವುದು ನೆನಪಾಯಿತು. ಹಿಂದಿನ ಚಕ್ರದ ಪುಟ ಹುಡುಕಿ, ಗುರುತಿಗೆ ಧೋಬಿಯ ಚೀಟಿ ಇಟ್ಟೆ.